ಗಡಿ ದಾಟುವ ದುಡಿಮೆ

ಬೆಂಗಳೂರಿನ ನೈರುತ್ಯ ಭಾಗದಲ್ಲಿ ಹೊಸಕೆರೆಹಳ್ಳಿ ಎಂಬ ಬಡಾವಣೆ ಇದೆ. ಹೆಸರೇ ತಿಳಿಸುವಂತೆ ಅದು ಒಂದು ಕಾಲಕ್ಕೆ ಕೆರೆಯನ್ನು ನಂಬಿ ಬದುಕಿದ ಹಳ್ಳಿ. ನಗರ ಬೆಳೆದಂತೆ ಹೊಲಗದ್ದೆಗಳು ನಿವೇಶನಗಳಾದವು. ಹೊರವರ್ತುಲ ರಸ್ತೆ ಬಂದಿತು. ಕಾಲೇಜುಗಳೂ ಬಹುಮಹಡಿಯ ವಸತಿ ಕಟ್ಟಡಗಳೂ ಎದ್ದು ನಿಂತವು. ಕೆರೆ ಮಾತ್ರ ನಗರದ ಒತ್ತಡಕ್ಕೆ ಸಿಕ್ಕಿ ನಲುಗಿತು. ಹಿಂದೆ ಇಂತಹ ಹಳ್ಳಿಯ ಜನರ ದುಡಿಮೆ ಊರಿನ ಎಲ್ಲೆಯೊಳಗೇ ಮುಗಿಯುತ್ತಿತ್ತು. ಬೆಳೆದ ತರಕಾರಿ ಬಂಡಿಯಲ್ಲಿ ಪೇಟೆಗೆ ಹೋಗುತ್ತಿತ್ತೇ ಹೊರತು ಬೆಳೆದವನು ಸಂಜೆಗೆ ಮನೆ ಸೇರುತ್ತಿದ್ದನು. ಇಂದು ದಕ್ಷಿಣ ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಬೇರೊಂದು ಬಗೆಯ ದುಡಿಮೆ ಕಣ್ಣಿಗೆ ಬೀಳುತ್ತದೆ. ಒಂದು ಮನೆಯ ಮಗಳು ಗಣಕಯಂತ್ರದ ಮುಂದೆ ಕುಳಿತು ಅಮೆರಿಕದ ಕಂಪನಿಗೆ ಕೆಲಸ ಮಾಡುತ್ತಾಳೆ. ಇನ್ನೊಂದು ಮನೆಯ ಮಗನು ದುಬೈಯಲ್ಲಿ ದುಡಿದು ಊರಿಗೆ ಹಣ ಕಳುಹಿಸುತ್ತಾನೆ. ಆ ಎರಡು ಮನೆಗಳಿರುವ ಕಟ್ಟಡದ ಬಾಗಿಲಲ್ಲಿ ನೇಪಾಳದಿಂದ ಬಂದ ಕಾವಲುಗಾರನು ಇರುಳೆಲ್ಲ ಎಚ್ಚರವಾಗಿರುತ್ತಾನೆ.

ಈ ಮೂವರೂ ಮಾಡುತ್ತಿರುವುದು ಒಂದೇ ಬಗೆಯ ಕಾರ್ಯ. ಅವರು ತಮ್ಮ ದುಡಿಮೆಯನ್ನು ಗಡಿಯಾಚೆಯವರಿಗೆ ನೀಡಿ ಪ್ರತಿಫಲ ಪಡೆಯುತ್ತಿದ್ದಾರೆ. ಆದರೆ ಅವರವರ ದಾರಿ ಬೇರೆ. ಆ ದಾರಿಗಳನ್ನು ತೆರೆಯುವ, ಮುಚ್ಚುವ ನಿಯಮಗಳೂ ಬೇರೆ. ಪ್ರಪಂಚದ ಅತ್ಯಂತ ಬಡ ರಾಷ್ಟ್ರಗಳ ಅಭ್ಯುದಯದ ಪ್ರಶ್ನೆಯೊಂದು ಈ ನಿಯಮಗಳಲ್ಲಿ ಅಡಗಿದೆ.

ವ್ಯಾಪಾರ ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಪದಾರ್ಥಗಳು. ಚಿಕ್ಕಮಗಳೂರಿನ ಕಾಫಿ ಹಡಗನ್ನೇರಿ ಯೂರೋಪಿಗೆ ಹೋದರೆ ಅದು ರಫ್ತು. ಆದರೆ ಕಣ್ಣಿಗೆ ಕಾಣದ, ಮೂಟೆಯಲ್ಲಿ ಕಟ್ಟಲಾಗದ ಸರಕೂ ಒಂದುಂಟು. ವೈದ್ಯನ ಚಿಕಿತ್ಸೆ, ಶಿಕ್ಷಕನ ಪಾಠ, ಬಡಗಿಯ ಕೈಚಳಕ, ಲೆಕ್ಕಿಗನ ಲೆಕ್ಕ, ಚಾಲಕನ ಚಾಲನೆ ಇವೆಲ್ಲ ಸೇವೆಗಳು. ಪದಾರ್ಥವನ್ನು ತಯಾರಿಸಿ ಕೂಡಿಟ್ಟು ಅನಂತರ ಮಾರಬಹುದು. ಸೇವೆ ಹಾಗಲ್ಲ. ಕ್ಷೌರಿಕನು ತನ್ನ ಕೆಲಸವನ್ನು ಡಬ್ಬಿಯಲ್ಲಿಟ್ಟು ಕಳುಹಿಸಲಾರನು; ಅನೇಕ ಸೇವೆಗಳಲ್ಲಿ ಕೊಡುವವನೂ ಪಡೆಯುವವನೂ ಒಂದೆಡೆ ಸೇರಲೇಬೇಕು. ಆದುದರಿಂದ ಸೇವೆಯ ವ್ಯಾಪಾರದ ಮಾತು ಬಂದಲ್ಲೆಲ್ಲ ಮನುಷ್ಯನ ಪ್ರಯಾಣದ ಮಾತೂ ಬರುತ್ತದೆ.

ಈ ವ್ಯಾಪಾರಕ್ಕೆ ಜಾಗತಿಕ ನಿಯಮಗಳು ದೊರೆತದ್ದು ತೀರ ಈಚೆಗೆ. 1986ರಲ್ಲಿ ಉರುಗ್ವೆ ದೇಶದಲ್ಲಿ ಆರಂಭವಾದ ವ್ಯಾಪಾರ ಮಾತುಕತೆಗಳು 1994ರಲ್ಲಿ ಮುಗಿದವು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾಯಿತು. ಅದರೊಡನೆಯೇ ಸೇವೆಗಳ ವ್ಯಾಪಾರವನ್ನು ಕುರಿತ ಸಾಮಾನ್ಯ ಒಪ್ಪಂದವೂ ಜಾರಿಗೆ ಬಂದಿತು. ಸೇವೆ ಗಡಿ ದಾಟುವ ನಾಲ್ಕು ಮಾರ್ಗಗಳನ್ನು ಈ ಒಪ್ಪಂದ ಗುರುತಿಸುತ್ತದೆ. ಮೊದಲನೆಯದು, ಕೊಡುವವನೂ ಪಡೆಯುವವನೂ ತಮ್ಮ ತಮ್ಮ ದೇಶದಲ್ಲಿಯೇ ಇದ್ದು ಸೇವೆ ಮಾತ್ರ ಪ್ರಯಾಣ ಮಾಡುವುದು. ಬೆಂಗಳೂರಿನಲ್ಲಿ ಬರೆದ ಗಣಕ ಕ್ರಮವಿಧಿ ತಂತಿಯ ಮೂಲಕ ಲಂಡನ್ನಿಗೆ ತಲುಪುವುದು ಇದಕ್ಕೆ ನಿದರ್ಶನ. ಎರಡನೆಯದು, ಪಡೆಯುವವನೇ ಸೇವೆ ಇರುವಲ್ಲಿಗೆ ಬರುವುದು. ಆಫ್ರಿಕದ ವಿದ್ಯಾರ್ಥಿ ಬೆಂಗಳೂರಿನ ಕಾಲೇಜಿಗೆ ಸೇರಿದರೆ, ಯಾತ್ರಿಕನು ಹಂಪೆಯನ್ನು ನೋಡಲು ಬಂದರೆ, ಭಾರತ ಸೇವೆಯನ್ನು ರಫ್ತು ಮಾಡಿದಂತೆ. ಮೂರನೆಯದು, ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ಶಾಖೆಯನ್ನು ತೆರೆಯುವುದು. ನಾಲ್ಕನೆಯದು, ಸೇವೆ ನೀಡುವ ವ್ಯಕ್ತಿಯೇ ಕೆಲವು ಕಾಲದ ಮಟ್ಟಿಗೆ ಪರದೇಶಕ್ಕೆ ಹೋಗುವುದು. ಈ ನಾಲ್ಕನೆಯ ಮಾರ್ಗದಲ್ಲಿ ವ್ಯಾಪಾರ ನೀತಿ ಮುಗಿದು ವಲಸೆ ನೀತಿ ಮೊದಲಾಗುತ್ತದೆ.

ನಾಲ್ಕನೆಯ ಮಾರ್ಗಕ್ಕೆ ಎಂತಹ ಶಕ್ತಿ ಇದೆ ಎಂಬುದನ್ನು ತಿಳಿಯಲು ಬೆಂಗಳೂರಿನ ಇತಿಹಾಸವೇ ಸಾಕು. 1980ರ ದಶಕದ ಆರಂಭದಲ್ಲಿ ಭಾರತದ ಸಾಫ್ಟ್‌ವೇರ್ ಉದ್ಯಮ ಇನ್ನೂ ಅಂಬೆಗಾಲಿಡುತ್ತಿತ್ತು. ಗಣಕಯಂತ್ರವನ್ನು ಆಮದು ಮಾಡಿಕೊಳ್ಳಲು ಪರವಾನಗಿ ಬೇಕಿತ್ತು, ಅಪಾರ ಹಣವೂ ಬೇಕಿತ್ತು. ದೂರಸಂಪರ್ಕ ದುರ್ಬಲವಾಗಿತ್ತು. 1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಪುಣೆಯಲ್ಲಿ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ಅಂದಿನ ಇಂತಹ ಕಂಪನಿಗಳಿಗೆ ಇದ್ದ ಮುಖ್ಯ ಬಂಡವಾಳವೆಂದರೆ ಕಲಿತ ತರುಣರು. ಯಂತ್ರವನ್ನು ಇಲ್ಲಿಗೆ ತರುವುದು ಕಷ್ಟವಾದ್ದರಿಂದ ಯಂತ್ರವಿದ್ದಲ್ಲಿಗೆ ಆ ತರುಣರನ್ನೇ ಕಳುಹಿಸಲಾಯಿತು. ಅವರು ಗ್ರಾಹಕರ ಕಚೇರಿಯಲ್ಲಿ ಕುಳಿತು ಕೆಲಸ ಮಾಡಿದರು, ಅಲ್ಲಿನ ವ್ಯವಹಾರದ ರೀತಿಯನ್ನು ಅರಿತರು, ನಂಬಿಕೆಯನ್ನು ಗಳಿಸಿದರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಕೆಲಸವನ್ನು ಕಳುಹಿಸುವ ದಾರಿಯನ್ನು ತೋರಿತು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ತಂತ್ರಜ್ಞಾನ ಉದ್ಯಾನಗಳ ಸಂಸ್ಥೆಯನ್ನು ಸ್ಥಾಪಿಸಿ ಇಂತಹ ಸಂಪರ್ಕ ಇತರ ಕಂಪನಿಗಳಿಗೂ ದೊರೆಯುವಂತೆ ಮಾಡಿತು. ಅನಂತರ ಹೆಚ್ಚು ಹೆಚ್ಚು ಕೆಲಸ ಬೆಂಗಳೂರಿನಲ್ಲಿಯೇ ನಡೆಯತೊಡಗಿತು. ಮೊದಲು ಮನುಷ್ಯನು ಹೋದನು. ಅವನು ಗಳಿಸಿದ ಪರಿಚಯದ ಹಿಂದೆ ಕೆಲಸ ಮನೆಗೆ ಬಂದಿತು. ನಾಲ್ಕನೆಯ ಮಾರ್ಗ ಮೊದಲನೆಯ ಮಾರ್ಗಕ್ಕೆ ಸೇತುವೆಯಾಯಿತು ಎನ್ನಬಹುದು.

ಆದರೆ ಆ ಸೇತುವೆಯ ಬಾಗಿಲಿನ ಕೀಲಿಕೈ ಬೇರೆಯವರ ಬಳಿ ಇತ್ತು. ಅಮೆರಿಕ ಸಂಯುಕ್ತ ಸಂಸ್ಥಾನ 1990ರ ವಲಸೆ ಕಾಯ್ದೆಯ ಮೂಲಕ ‘ಎಚ್-1ಬಿ’ ಎಂಬ ವೀಸಾವನ್ನು ರೂಪಿಸಿತು. ವಿಶೇಷ ಶಿಕ್ಷಣ ಪಡೆದ ಪರದೇಶಿಗಳು ಮೂರು ವರ್ಷ, ಮುಂದುವರಿಸಿದರೆ ಸಾಮಾನ್ಯವಾಗಿ ಆರು ವರ್ಷ, ಅಲ್ಲಿ ದುಡಿಯಬಹುದು. ವರ್ಷಕ್ಕೆ ಇಂತಹ 65,000 ವೀಸಾಗಳೆಂದು ಮಿತಿಯನ್ನು ಗೊತ್ತುಪಡಿಸಲಾಯಿತು. ಗಣಕ ತಜ್ಞರ ಬೇಡಿಕೆ ಏರಿದಾಗ 1999 ಮತ್ತು 2000ರಲ್ಲಿ ಈ ಮಿತಿ 1,15,000ಕ್ಕೂ 2001ರಿಂದ 2003ರವರೆಗೆ 1,95,000ಕ್ಕೂ ಏರಿತು. 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ಪದವಿ ಪಡೆದವರಿಗಾಗಿ ಇನ್ನೂ 20,000 ಸೇರಿಸಲಾಯಿತು. ಈಚಿನ ವರ್ಷಗಳಲ್ಲಿ ಒಪ್ಪಿಗೆ ಪಡೆದ ಅರ್ಜಿಗಳಲ್ಲಿ ಸುಮಾರು ಶೇಕಡಾ 70ರಷ್ಟು ಭಾರತೀಯರವು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆ ಹೊಸ ಅರ್ಜಿಗಳಿಗೆ 1,00,000 ಡಾಲರುಗಳ ಶುಲ್ಕವನ್ನು ವಿಧಿಸಿತು. ವಾಷಿಂಗ್‌ಟನ್ನಿನಲ್ಲಿ ಬಿದ್ದ ಒಂದು ರುಜುವಿನಿಂದ ಬೆಂಗಳೂರಿನ ಸಾವಿರಾರು ಮನೆಗಳ ಲೆಕ್ಕಾಚಾರ ತಲೆಕೆಳಗಾಯಿತು.

ಕಲಿತ ತರುಣರ ಬಲವೂ ಬೃಹತ್ತಾದ ಉದ್ಯಮದ ಬಲವೂ ಇರುವ ಭಾರತದ ಪಾಡೇ ಹೀಗಾದರೆ, ಏನೂ ಇಲ್ಲದ ದೇಶಗಳ ಗತಿಯೇನು? ಸಂಯುಕ್ತ ರಾಷ್ಟ್ರ ಸಂಸ್ಥೆ 1971ರಲ್ಲಿ ಪ್ರಪಂಚದ ಅತ್ಯಂತ ಹಿಂದುಳಿದ ರಾಷ್ಟ್ರಗಳ ಒಂದು ಪಟ್ಟಿಯನ್ನು ತಯಾರಿಸಿತು. ತಲಾದಾಯ, ಜನರ ಆರೋಗ್ಯ ಮತ್ತು ಶಿಕ್ಷಣ, ಆರ್ಥಿಕ ಆಘಾತಗಳಿಗೆ ಸುಲಭವಾಗಿ ಈಡಾಗುವ ದುಃಸ್ಥಿತಿ ಇವುಗಳನ್ನು ಅಳೆದು ಈಗ ದೇಶಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಮೊದಲು 25 ದೇಶಗಳಿದ್ದವು. 2024ರ ಕೊನೆಯ ವೇಳೆಗೆ ಈ ಸಂಖ್ಯೆ 44 ಆಗಿತ್ತು. ನೇಪಾಳ, ಬಾಂಗ್ಲಾದೇಶ, ಮಲಾವಿ, ಇಥಿಯೋಪಿಯ, ಸುಡಾನ್ ಮೊದಲಾದವು ಅದರಲ್ಲಿ ಸೇರಿದ್ದವು. ಭಾರತದ ನೆರೆಯ ಭೂತಾನ 2023ರ ಡಿಸೆಂಬರಿನಲ್ಲಿ ಪಟ್ಟಿಯಿಂದ ಹೊರಬಂದಿತು. ಈ ದೇಶಗಳಲ್ಲಿ ಪ್ರಪಂಚದ ಜನಸಂಖ್ಯೆಯ ಸುಮಾರು ಶೇಕಡಾ 14ರಷ್ಟು ಜನರಿದ್ದಾರೆ. ಪ್ರಪಂಚದ ಸೇವಾ ರಫ್ತಿನಲ್ಲಿ ಅವುಗಳ ಪಾಲಾದರೋ ಶೇಕಡಾ 1ಕ್ಕಿಂತಲೂ ಕಡಿಮೆ.

ಈ ಅಂತರಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯ ಮಾರ್ಗದಲ್ಲಿ ಸೇವೆಯನ್ನು ಕಳುಹಿಸಲು ಎಡೆಬಿಡದ ವಿದ್ಯುತ್ತು, ದೂರಸಂಪರ್ಕ, ಉನ್ನತ ಶಿಕ್ಷಣ ಬೇಕು. ಎರಡನೆಯ ಮಾರ್ಗದಲ್ಲಿ ಯಾತ್ರಿಕರನ್ನು ಸೆಳೆಯಲು ರಸ್ತೆ, ವಸತಿ, ವಿಮಾನ ಸೌಕರ್ಯ ಬೇಕು. ಹಿಮಾಲಯವನ್ನು ಪಡೆದಿರುವ ನೇಪಾಳದಂತಹ ದೇಶಗಳಿಗೆ ಇದರಿಂದ ಆದಾಯ ಉಂಟು. ಮೂರನೆಯ ಮಾರ್ಗದಲ್ಲಿ ಪರದೇಶದಲ್ಲಿ ಶಾಖೆಯನ್ನು ತೆರೆಯಲು ಬಂಡವಾಳ ಬೇಕು. ಬಡ ದೇಶದಲ್ಲಿ ಹೇರಳವಾಗಿರುವುದು ಒಂದೇ. ಅದು ದುಡಿಯಲು ಸಿದ್ಧರಾದ ಜನ. ಆದುದರಿಂದ ನಾಲ್ಕನೆಯ ಮಾರ್ಗವೇ ಅವರಿಗೆ ಸಹಜವಾದುದು.

ಆದರೆ ನಾಲ್ಕು ಮಾರ್ಗಗಳಲ್ಲಿ ಅತ್ಯಂತ ಕಿರಿದಾದುದೂ ಅದೇ. ಸೇವೆಗಳ ಒಪ್ಪಂದಕ್ಕೆ ಸೇರಿಸಿದ ಅನುಬಂಧವೊಂದು, ಶಾಶ್ವತ ನೌಕರಿ, ವಾಸ ಮತ್ತು ಪೌರತ್ವದ ವಿಷಯಗಳು ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳುತ್ತದೆ. ತಾತ್ಕಾಲಿಕವಾಗಿ ಬರುವವರಿಗೆ ಶ್ರೀಮಂತ ದೇಶಗಳು ನೀಡಿದ ವಚನಗಳೂ ಬಹುಮಟ್ಟಿಗೆ ವ್ಯವಸ್ಥಾಪಕರಿಗೆ, ತಜ್ಞರಿಗೆ ಮತ್ತು ಒಂದೇ ಕಂಪನಿಯ ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗವಾಗುವ ಅಧಿಕಾರಿಗಳಿಗೆ ಮೀಸಲು. ಪರದೇಶದಲ್ಲಿ ಶಾಖೆಯೇ ಇಲ್ಲದ ಬಡ ದೇಶಕ್ಕೆ ವರ್ಗಾವಣೆಯ ಸೌಲಭ್ಯ ಸಿಕ್ಕಿ ಏನು ಫಲ? ಗಾರೆ ಕೆಲಸದವನು, ದಾದಿ, ಅಡುಗೆಯವನು, ತೋಟದ ಕೂಲಿ ಇವರಿಗೆ ಆ ವಚನಗಳಲ್ಲಿ ಎಡೆ ಇಲ್ಲವೆನ್ನುವಷ್ಟು ಕಡಿಮೆ. ಇದಲ್ಲದೆ ವೀಸಾ ಶುಲ್ಕ, ಸಂಖ್ಯಾಮಿತಿ, ಸ್ಥಳೀಯರು ದೊರೆಯುವುದಿಲ್ಲವೆಂದು ಸಾಬೀತು ಮಾಡಬೇಕೆಂಬ ನಿಬಂಧನೆ, ಒಂದು ದೇಶದ ಪದವಿಗೆ ಇನ್ನೊಂದು ದೇಶದಲ್ಲಿ ಮನ್ನಣೆ ಇಲ್ಲದಿರುವುದು ಇವೆಲ್ಲ ಅಡ್ಡಗೋಡೆಗಳು.

ಈ ಅನ್ಯಾಯವನ್ನು ಸ್ವಲ್ಪಮಟ್ಟಿಗಾದರೂ ಸರಿಪಡಿಸುವ ಪ್ರಯತ್ನ ನಡೆದಿದೆ. ಒಂದು ದೇಶಕ್ಕೆ ಕೊಟ್ಟ ಸೌಲಭ್ಯವನ್ನು ಎಲ್ಲ ಸದಸ್ಯರಿಗೂ ಕೊಡಬೇಕೆಂಬುದು ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮ. 2011ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಸಚಿವರ ಸಮ್ಮೇಳನ ಈ ನಿಯಮಕ್ಕೆ ಒಂದು ವಿನಾಯಿತಿಯನ್ನು ಒಪ್ಪಿತು. ಅದರಂತೆ ಯಾವುದೇ ಸದಸ್ಯ ದೇಶವು ಅತ್ಯಂತ ಹಿಂದುಳಿದ ರಾಷ್ಟ್ರಗಳ ಸೇವೆಗಳಿಗೆ ವಿಶೇಷ ಆದ್ಯತೆಯನ್ನು ನೀಡಬಹುದು. 2015ರ ನೈರೋಬಿ ಸಮ್ಮೇಳನದಲ್ಲಿ ಇದರ ಅವಧಿಯನ್ನು 2030ರ ಕೊನೆಯವರೆಗೆ ವಿಸ್ತರಿಸಲಾಯಿತು. ಇಪ್ಪತ್ತಕ್ಕೂ ಹೆಚ್ಚು ಸದಸ್ಯರು ತಾವು ನೀಡುವ ಆದ್ಯತೆಗಳನ್ನು ಪ್ರಕಟಿಸಿದರು. ಭಾರತವೂ 2015ರಲ್ಲಿ ತನ್ನ ಪಟ್ಟಿಯನ್ನು ಸಲ್ಲಿಸಿತು. ಈ ರಾಷ್ಟ್ರಗಳಿಂದ ವ್ಯವಹಾರಕ್ಕಾಗಿ ಅಥವಾ ಉದ್ಯೋಗಕ್ಕಾಗಿ ಬರುವವರ ವೀಸಾ ಶುಲ್ಕವನ್ನು ಮನ್ನಾ ಮಾಡುವುದಾಗಿ ಅದರಲ್ಲಿ ತಿಳಿಸಿತು. ಆದರೂ ಒಟ್ಟಾರೆ ನೋಡಿದಾಗ, ಮನುಷ್ಯರ ಸಂಚಾರದ ವಿಷಯದಲ್ಲಿ ಪ್ರಕಟವಾದ ಕೊಡುಗೆಗಳು ಇತರ ವಿಷಯಗಳಿಗಿಂತ ಕೃಶವಾಗಿಯೇ ಇವೆ.

ಗಡಿಯನ್ನು ಕಾಯುವವರಿಗೂ ಅವರದೇ ಆದ ವಾದಗಳಿವೆ. ಪರದೇಶದ ಕಾರ್ಮಿಕರು ಕಡಿಮೆ ಕೂಲಿಗೆ ಒಪ್ಪಿದರೆ ಸ್ಥಳೀಯ ಕಾರ್ಮಿಕರ ಕೂಲಿಯೂ ಇಳಿಯಬಹುದು ಎಂಬುದು ಒಂದು ಭಯ. ತಾತ್ಕಾಲಿಕವಾಗಿ ಬಂದವರು ಹಿಂತಿರುಗಲಾರರು ಎಂಬುದು ಇನ್ನೊಂದು. ಕಳುಹಿಸುವ ದೇಶದ ದೃಷ್ಟಿಯಿಂದಲೂ ಒಂದು ಗಂಭೀರವಾದ ಆಕ್ಷೇಪವಿದೆ. ಬಡ ದೇಶ ಕಷ್ಟಪಟ್ಟು ತರಬೇತಿ ನೀಡಿದ ದಾದಿಯರೂ ವೈದ್ಯರೂ ಹೊರಟುಹೋದರೆ ಅಲ್ಲಿನ ರೋಗಿಗಳನ್ನು ನೋಡುವವರು ಯಾರು? ಈ ಶತಮಾನದ ಆರಂಭದ ವರ್ಷಗಳಲ್ಲಿ ಆಫ್ರಿಕದ ಮಲಾವಿಯಿಂದ ಅನೇಕ ದಾದಿಯರು ಬ್ರಿಟನ್ನಿಗೆ ಹೋದುದರಿಂದ ಆ ದೇಶದ ಆಸ್ಪತ್ರೆಗಳು ಸಂಕಟಕ್ಕೆ ಸಿಲುಕಿದವು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯ ಸಿಬ್ಬಂದಿಯ ಕೊರತೆಯಿಂದ ನರಳುತ್ತಿರುವ ಬಡ ದೇಶಗಳಿಂದ ಅವರನ್ನು ಹುಡುಕಿ ಸೆಳೆಯಬಾರದೆಂಬ ನೀತಿಸಂಹಿತೆಯನ್ನು ಅಂಗೀಕರಿಸಿತು. ಹೀಗೆ ಬಾಗಿಲು ಪೂರ್ಣವಾಗಿ ಮುಚ್ಚಿದರೆ ಒಂದು ಕೆಡುಕು, ವಿವೇಚನೆಯಿಲ್ಲದೆ ತೆರೆದರೆ ಇನ್ನೊಂದು ಕೆಡುಕು.

ಎರಡರ ನಡುವೆ ಹಾದಿ ಉಂಟೆಂಬುದನ್ನು ಪೆಸಿಫಿಕ್ ಸಾಗರದ ಒಂದು ಪ್ರಯೋಗ ತೋರಿಸಿದೆ. 2007ರಲ್ಲಿ ನ್ಯೂಜಿಲೆಂಡ್ ತನ್ನ ಹಣ್ಣಿನ ತೋಟಗಳಿಗೆ ಋತುಮಾನದ ಕಾರ್ಮಿಕರನ್ನು ಕರೆಸಿಕೊಳ್ಳುವ ಯೋಜನೆಯೊಂದನ್ನು ಆರಂಭಿಸಿತು. ವನುವಾಟು, ಟೋಂಗಾ, ಸಮೋವ, ಕಿರಿಬಾಟಿ, ತುವಾಲು ಮೊದಲಾದ ದ್ವೀಪಗಳ ಜನ ಕೆಲವು ತಿಂಗಳು ದುಡಿದು ಊರಿಗೆ ಮರಳುತ್ತಾರೆ. ಚೆನ್ನಾಗಿ ದುಡಿದವರನ್ನು ಮರುವರ್ಷ ಮತ್ತೆ ಕರೆಯಬಹುದು. ಮಾಲೀಕನು ಮೊದಲು ಸ್ಥಳೀಯರಿಗೆ ಅವಕಾಶ ಕೊಡಬೇಕು. ಬರುವವರ ವಿಮಾನವೆಚ್ಚದ ಅರ್ಧವನ್ನು ಭರಿಸಬೇಕು. ಟೋಂಗಾ ಮತ್ತು ವನುವಾಟುಗಳಲ್ಲಿ ನಡೆದ ಅಧ್ಯಯನವೊಂದು, ಇದರಲ್ಲಿ ಭಾಗವಹಿಸಿದ ಕುಟುಂಬಗಳ ತಲಾದಾಯ ಶೇಕಡಾ 30ಕ್ಕೂ ಹೆಚ್ಚು ಏರಿತೆಂದು ಕಂಡುಕೊಂಡಿತು. ಮತ್ತೆ ಬರಲು ದಾರಿ ಇದೆಯೆಂದು ತಿಳಿದವನಿಗೆ ಮರೆಯಲ್ಲಿ ಅಡಗಿ ಉಳಿಯುವ ಅಗತ್ಯ ಬೀಳುವುದಿಲ್ಲ.

ಬೆಂಗಳೂರು ಇಂತಹ ದುಡಿಮೆಗಾರರನ್ನು ಕಳುಹಿಸುವ ಊರು ಮಾತ್ರವಲ್ಲ, ಬರಮಾಡಿಕೊಳ್ಳುವ ಊರೂ ಹೌದು. 1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಶಾಂತಿ ಹಾಗೂ ಮೈತ್ರಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಏಳನೆಯ ವಿಧಿಯಂತೆ ಒಂದು ದೇಶದ ಪ್ರಜೆಗಳು ಇನ್ನೊಂದರಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರ ಇವುಗಳ ವಿಷಯದಲ್ಲಿ ಸಮಾನವಾದ ಅವಕಾಶಗಳನ್ನು ಪಡೆಯುತ್ತಾರೆ. ಆದುದರಿಂದ ನೇಪಾಳಿಯು ಇಲ್ಲಿ ದುಡಿಯಲು ವೀಸಾ ಬೇಕಿಲ್ಲ. ಪ್ರಪಂಚದ ಅತ್ಯಂತ ಹಿಂದುಳಿದ ರಾಷ್ಟ್ರಗಳಲ್ಲಿ ಒಂದೆಂದು 1971ರಲ್ಲಿಯೇ ಗುರುತಿಸಲ್ಪಟ್ಟ ದೇಶಕ್ಕೆ ಇಷ್ಟು ವಿಶಾಲವಾದ ಬಾಗಿಲನ್ನು ತೆರೆದಿಟ್ಟಿರುವ ನಿದರ್ಶನಗಳು ವಿರಳ. ಹೊರನಾಡುಗಳಿಂದ ಮಕ್ಕಳು ಕಳುಹಿಸುವ ಹಣ ನೇಪಾಳದ ರಾಷ್ಟ್ರೀಯ ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮನಾಗಿದೆ. 2021ರಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆಯ ಮಹಾಸಭೆಯು ಆ ದೇಶ 2026ರ ನವೆಂಬರಿನಲ್ಲಿ ಹಿಂದುಳಿದವರ ಪಟ್ಟಿಯಿಂದ ಹೊರಬರಲೆಂದು ನಿರ್ಣಯಿಸಿತು. ಆ ಏಳಿಗೆಯಲ್ಲಿ ಕೊಲ್ಲಿ ರಾಷ್ಟ್ರಗಳ ಗಾರೆ ಕೆಲಸಗಾರನ ಬೆವರಿದೆ. ಬೆಂಗಳೂರಿನ ಕಾವಲುಗಾರನ ನಿದ್ದೆಗೆಟ್ಟ ಇರುಳುಗಳೂ ಇವೆ.

ಗಡಿ ತೆರೆದಿದ್ದ ಮಾತ್ರಕ್ಕೆ ಬದುಕು ಹಸನಾಗದು. ವೀಸಾ ಬೇಡವಾದ್ದರಿಂದ ಅನೇಕ ವೇಳೆ ಲಿಖಿತ ಕರಾರೂ ಇರುವುದಿಲ್ಲ. ಸಂಬಳ ತಡವಾದರೆ, ಕಾಯಿಲೆ ಬಿದ್ದರೆ, ಅಪಘಾತವಾದರೆ ಯಾರನ್ನು ಕೇಳಬೇಕೆಂಬುದು ಬಂದವನಿಗೆ ತಿಳಿಯದು, ಭಾಷೆಯೂ ತೊಡಕಾಗುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳಾಗಲಿ ಒಡಿಶಾ, ಬಿಹಾರಗಳಿಂದ ಬರುವವರಾಗಲಿ ಇದೇ ಕಷ್ಟವನ್ನು ಬಲ್ಲರು. 2020ರಲ್ಲಿ ಕೊರೊನಾ ರೋಗದ ಕಾರಣದಿಂದ ದೇಶವೆಲ್ಲ ಸ್ತಬ್ಧವಾದಾಗ ಇಂತಹವರು ಗಂಟುಮೂಟೆಗಳೊಡನೆ ಊರಿನ ದಾರಿ ಹಿಡಿದರು. ಅವರು ಹೊರಟ ಮೇಲೆ ಅರ್ಧಕ್ಕೆ ನಿಂತ ಕಟ್ಟಡಗಳು, ನಗರವು ಯಾರ ಹೆಗಲ ಮೇಲೆ ನಿಂತಿದೆ ಎಂಬುದನ್ನು ಎಲ್ಲರಿಗೂ ತೋರಿಸಿದವು.

ಹೊರಗೆ ಹೋಗುವ ಕನ್ನಡಿಗರ ರಕ್ಷಣೆಗೂ ಕಾನೂನಿನ ಆಸರೆ ಅಗತ್ಯ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ದಕ್ಷಿಣ ಕನ್ನಡ, ಉಡುಪಿ, ಭಟ್ಕಳಗಳ ಸಾವಿರಾರು ಜನ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಕರಾವಳಿಯ ಅನೇಕ ಮನೆ, ಶಾಲೆ, ಅಂಗಡಿಗಳು ಅವರು ಕಳುಹಿಸಿದ ಹಣದಿಂದ ಎದ್ದವು. ಆದರೆ ದಲ್ಲಾಳಿಗಳ ಮಾತನ್ನು ನಂಬಿ ಸಾಲ ಮಾಡಿ ಹೋಗಿ, ಹೇಳಿದ ಕೆಲಸವೂ ಸಂಬಳವೂ ಸಿಗದೆ ಬವಣೆಪಟ್ಟವರೂ ಉಂಟು. ಇಂತಹ ವಂಚನೆಯನ್ನು ತಡೆಯಲೆಂದು ಸಂಸತ್ತು 1983ರಲ್ಲಿ ವಲಸೆ ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆಯಂತೆ ಪರದೇಶಕ್ಕೆ ಜನರನ್ನು ಕಳುಹಿಸುವ ದಲ್ಲಾಳಿಯು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅದರ ಅಡಿಯಲ್ಲಿ ರೂಪುಗೊಂಡ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರು ಸೌದಿ ಅರೇಬಿಯ, ಕುವೈತ್, ಮಲೇಷಿಯ ಮೊದಲಾದ ಗೊತ್ತುಪಡಿಸಿದ ದೇಶಗಳಿಗೆ ದುಡಿಮೆಗಾಗಿ ಹೋಗಬೇಕಾದರೆ ವಲಸಿಗರ ಸಂರಕ್ಷಕ ಎಂಬ ಅಧಿಕಾರಿಯ ಒಪ್ಪಿಗೆಯನ್ನು ಪಡೆಯಬೇಕು. ಕರಾರಿನ ಷರತ್ತುಗಳನ್ನು ಪರಿಶೀಲಿಸಿ ಆ ಅಧಿಕಾರಿ ಒಪ್ಪಿಗೆ ನೀಡುತ್ತಾನೆ. ಹತ್ತನೆಯ ತರಗತಿಯನ್ನು ದಾಟಿದವರಿಗೆ ಈ ತಪಾಸಣೆ ಇಲ್ಲ. ತನ್ನ ಕರಾರನ್ನು ತಾನೇ ಓದಿ ತಿಳಿಯಬಲ್ಲವನು ಸುಲಭವಾಗಿ ಮೋಸಹೋಗಲಾರನು ಎಂಬುದೇ ಈ ಭೇದದ ಹಿಂದಿರುವ ತರ್ಕ. ಶಾಲೆಯ ಒಂದು ಪರೀಕ್ಷೆಗೆ ಕಾನೂನು ಇಷ್ಟು ಬೆಲೆ ಕೊಟ್ಟಿರುವುದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ದೇಶ ಸುತ್ತುವ ಭಾಗ್ಯ ಹುಟ್ಟಿದ ಊರಿನಿಂದ ನಿರ್ಧಾರವಾಗುವ ಕಾಲ ಇನ್ನೂ ಮುಗಿದಿಲ್ಲ. ಕಾಫಿಯ ಮೂಟೆ ಗಡಿಯನ್ನು ದಾಟುವಷ್ಟು ಸುಲಭವಾಗಿ ಕಾಫಿ ಬೆಳೆದವನು ದಾಟಲಾರನು. ಮೂಟೆಗೆ ಹಸಿವಿಲ್ಲ, ಕುಟುಂಬವಿಲ್ಲ, ಹಕ್ಕುಗಳಿಲ್ಲ; ಮನುಷ್ಯನಿಗೆ ಇವೆಲ್ಲ ಉಂಟು. ಮನುಷ್ಯನ ಸಂಚಾರಕ್ಕೆ ನಿಯಮಗಳು ಬೇಕೆಂಬುದಕ್ಕೆ ಇದೇ ಕಾರಣ. ಆ ನಿಯಮಗಳು ನ್ಯಾಯವಾಗಿರಬೇಕೆಂಬುದಕ್ಕೂ ಇದೇ ಕಾರಣ. ಅಮೆರಿಕದ ಬಾಗಿಲು ತನ್ನ ಮಕ್ಕಳಿಗೆ ತೆರೆದಿರಲಿ ಎಂದು ಬಯಸುವ ಬೆಂಗಳೂರು, ತನ್ನ ಬಾಗಿಲನ್ನು ಕಾಯುವವನ ಹೆಸರನ್ನು ಕೇಳಿ ತಿಳಿಯುವುದೂ ಅವನ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದೂ ಅದೇ ನ್ಯಾಯದ ಭಾಗವಾಗಿದೆ.